ಹೋಟೆಲ್ ಹೆಸರು ಬರೆದುಕೊಡದವರಿಗೆ ಮುಂಗಡ ಕೊಡಬೇಡಿ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ರಜೆ, ದಸರಾ ರಜೆ ಹತ್ತಿರ ಬಂದರೆ ಸಾಕು, ಬಳ್ಳಾರಿ, ರಾಯಚೂರು, ಕೊಪ್ಪಳದ ಪತ್ರಿಕೆಗಳಲ್ಲಿ, ಬಸ್ ನಿಲ್ದಾಣದ ಗೋಡೆಗಳ ಮೇಲೆ, ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ವಿದೇಶ ಪ್ರವಾಸದ ಜಾಹೀರಾತುಗಳು ತುಂಬಿಕೊಳ್ಳುತ್ತವೆ. ‘ನಾಲ್ಕು ರಾತ್ರಿ ಐದು ದಿನ, ತ್ರೀ ಸ್ಟಾರ್ ಹೋಟೆಲ್, ಇಂಡಿಯನ್ ಊಟ’ ಎಂದು ದಪ್ಪ ಅಕ್ಷರದಲ್ಲಿರುತ್ತದೆ. ಯಾವ ಹೋಟೆಲ್, ಯಾವ ಬೀದಿ, ಎಷ್ಟು ದೊಡ್ಡ ರೂಮು ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ. ಹೋಗಿ ಬಂದವರ ಬೇಸರ ಬಹುಪಾಲು ಇದರದ್ದೇ. ವಿಮಾನ ತಡವಾದದ್ದನ್ನು ಮಂದಿ ಮರೆತುಬಿಡುತ್ತಾರೆ. ವಾಸನೆ ಹೊಡೆಯುವ ರೂಮಿನಲ್ಲಿ ಕಳೆದ ಮೂರು ರಾತ್ರಿಯನ್ನು ಮರೆಯುವುದಿಲ್ಲ. ಟಿಕೆಟ್, ವೀಸಾ, ಹೋಟೆಲ್ ಬುಕಿಂಗ್ ಕೆಲಸದಲ್ಲೇ ಇರುವ ನಾವು ಈ ಪತ್ರ ಬರೆಯುತ್ತಿರುವುದು ಒಂದೇ ಮಾತು ಹೇಳಲಿಕ್ಕೆ: ಹೋಟೆಲ್ ಕೆಡುವುದು ಅಲ್ಲಿಗೆ ಹೋದ ಮೇಲಲ್ಲ, ಇಲ್ಲಿ ರೊಕ್ಕ ಎಣಿಸಿಕೊಡುವಾಗಲೇ.

ಮೊದಲು ಸ್ಟಾರ್ ವಿಷಯ ಮುಗಿಸಿಬಿಡೋಣ. ಜಗತ್ತಿಗೆಲ್ಲ ಅನ್ವಯಿಸುವ ಒಂದೇ ಸ್ಟಾರ್ ಪದ್ಧತಿ ಇಲ್ಲ. ಫ್ರಾನ್ಸ್‌ನಲ್ಲಿ ಸರ್ಕಾರದ ವರ್ಗೀಕರಣ ಇದೆ, ಇಟಲಿಯಲ್ಲಿ ಪ್ರಾಂತ್ಯಕ್ಕೊಂದು ನಿಯಮ, ಅಮೆರಿಕದಲ್ಲಿ ಸರ್ಕಾರ ಸ್ಟಾರ್ ಕೊಡುವುದೇ ಇಲ್ಲ. ನಮ್ಮಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕೊಡುತ್ತದೆ, ಆದರೆ ಹೋಟೆಲಿನವರು ತಾವಾಗಿ ಅರ್ಜಿ ಹಾಕಿದರೆ ಮಾತ್ರ. ಬುಕಿಂಗ್ ಆ್ಯಪ್‌ಗಳಲ್ಲಿ ಕಾಣುವ ಸ್ಟಾರ್ ಎಷ್ಟೋ ಕಡೆ ಹೋಟೆಲಿನವರು ತಾವೇ ಬರೆದುಕೊಂಡದ್ದು. ಸ್ಟಾರ್ ಹೇಳುವುದಾದರೂ ಏನನ್ನು? ಲಿಫ್ಟ್ ಇದೆಯೇ, ರಿಸೆಪ್ಷನ್‌ನಲ್ಲಿ ಎಷ್ಟು ಹೊತ್ತು ಜನ ಇರುತ್ತಾರೆ, ರೂಮಿನಲ್ಲಿ ಫೋನ್ ಇದೆಯೇ ಎಂಬಂಥ ಸೌಲಭ್ಯಗಳನ್ನು. ಹಾಸಿಗೆ ಹೊಸದೇ ಹಳೆಯದೇ, ಬಚ್ಚಲು ಸೋರುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ದುಬೈನ ತ್ರೀ ಸ್ಟಾರ್ ನೋಡಿದವರು ಪ್ಯಾರಿಸ್‌ನ ತ್ರೀ ಸ್ಟಾರ್‌ಗೆ ಹೋದರೆ ಮೋಸವಾಯಿತು ಅನ್ನುತ್ತಾರೆ. ಅಲ್ಲಿ ಮೋಸವಾಗಿರುವುದಿಲ್ಲ, ಎರಡರ ಅಳತೆಗೋಲೇ ಬೇರೆ.

ನಿಜವಾದ ಆಟ ಇರುವುದು ಒಪ್ಪಂದದ ಕಾಗದದ ಕೊನೆಯ ಸಾಲಿನಲ್ಲಿ. ‘ಮೇಲಿನ ಹೋಟೆಲ್ ಅಥವಾ ಅದಕ್ಕೆ ಸಮನಾದುದು’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಈ ಸಾಲು ಏಕೆ ಬರುತ್ತದೆಂದು ತಿಳಿದರೆ ಅರ್ಧ ಸಮಸ್ಯೆ ಅಲ್ಲೇ ಬಿಡಿಸಿಕೊಳ್ಳುತ್ತದೆ. ನೀವು ಹಣ ಕೊಡುವುದು ಬಳ್ಳಾರಿಯ ಏಜೆಂಟರಿಗೆ. ಅವರು ಬೆಂಗಳೂರಿನ ಅಥವಾ ಹೈದರಾಬಾದಿನ ದೊಡ್ಡ ಏಜೆನ್ಸಿಗೆ ಕೊಡುತ್ತಾರೆ. ಆ ಏಜೆನ್ಸಿಯವರು ಬ್ಯಾಂಕಾಕ್‌ನಲ್ಲೋ ದುಬೈನಲ್ಲೋ ಇರುವ ಸ್ಥಳೀಯ ಆಪರೇಟರ್‌ಗೆ ಕೊಡುತ್ತಾರೆ. ಹೋಟೆಲಿನವರು ಇಂಥ ಆಪರೇಟರ್‌ಗೆ ಒಂದಷ್ಟು ರೂಮುಗಳನ್ನು ಕಡಿಮೆ ದರದಲ್ಲಿ ಕಾದಿರಿಸಿ, ‘ಇಷ್ಟನೇ ತಾರೀಖಿನೊಳಗೆ ಹೆಸರು, ಹಣ ಎರಡೂ ಬರಬೇಕು, ಇಲ್ಲವಾದರೆ ರೂಮು ವಾಪಸ್’ ಎಂದು ಗಡುವು ಹಾಕಿರುತ್ತಾರೆ. ಇತ್ತ ಊರಿನಲ್ಲಿ ನಲವತ್ತು ಸೀಟು ತುಂಬಲಿ ಎಂದು ಏಜೆಂಟರು ಕಾಯುತ್ತಾ ಕೂರುತ್ತಾರೆ. ಗಡುವು ದಾಟುತ್ತದೆ, ರೂಮು ಹೋಗುತ್ತದೆ, ಅದೇ ಹೋಟೆಲಿನ ದರ ಮಾರನೇ ದಿನ ಒಂದೂವರೆ ಪಟ್ಟು ಆಗಿರುತ್ತದೆ. ಆಗ ಕೈಹಿಡಿಯುವುದೇ ಆ ಸಣ್ಣ ಅಕ್ಷರದ ಸಾಲು. ಊರ ಹೊರಗಿನ, ಬಜೆಟ್‌ಗೆ ಕೂಡುವ ಹೋಟೆಲೊಂದು ‘ಸಮನಾದುದು’ ಆಗಿಬಿಡುತ್ತದೆ. ಪ್ರಯಾಣಿಕರಿಗೆ ಇದು ಗೊತ್ತಾಗುವುದು ವಿಮಾನ ಇಳಿದ ಮೇಲೆ, ಬಸ್ಸಿನಲ್ಲಿ.

ಆದ್ದರಿಂದ ಮುಂಗಡ ಕೊಡುವ ಮೊದಲು ಹೋಟೆಲಿನ ಪೂರ್ತಿ ಹೆಸರು, ಬೀದಿ ವಿಳಾಸ, ರೂಮಿನ ವರ್ಗ, ಹಾಸಿಗೆಗಳ ಸಂಖ್ಯೆ, ಊಟದ ಯೋಜನೆ ಇವಿಷ್ಟನ್ನೂ ಕಾಗದದ ಮೇಲೆ ಅಥವಾ ಇಮೇಲಿನಲ್ಲಿ ಬರೆಸಿಕೊಳ್ಳಿ. ಪೂರ್ತಿ ಹೆಸರು ಎಂದು ಒತ್ತಿ ಹೇಳಲು ಕಾರಣವಿದೆ. ಒಂದೇ ಕಂಪನಿಯ ಮೂರು ನಾಲ್ಕು ಹೋಟೆಲ್ ಒಂದೇ ಊರಿನಲ್ಲಿರುತ್ತವೆ, ಹೆಸರಿನ ಕೊನೆಯ ಒಂದು ಪದ ಮಾತ್ರ ಬೇರೆ. ಫೋಟೊ ಒಂದರದು, ರೂಮು ಇನ್ನೊಂದರದು. ಹೋಟೆಲ್ ಬದಲಾಗುವ ಸಂದರ್ಭ ಬಂದರೆ ಎಂಥದ್ದು ‘ಸಮನಾದುದು’ ಎಂಬುದನ್ನೂ ಆಗಲೇ ಕೇಳಿ ಬರೆಸಿ: ಯಾವ ಬಡಾವಣೆಯೊಳಗೆ, ಯಾವ ಆ್ಯಪ್‌ನಲ್ಲಿ ಕನಿಷ್ಠ ಎಷ್ಟು ಅಂಕ ಇರಬೇಕು, ಬದಲಿಸಿದರೆ ಎಷ್ಟು ದಿನ ಮೊದಲು ತಿಳಿಸಬೇಕು. ‘ಅದೆಲ್ಲ ಹಾಂಗೇನಿಲ್ಲ ಸಾರ್, ನಮ್ಮ ಮೇಲೆ ನಂಬಿಕೆ ಇಡ್ರಿ’ ಎಂದು ಹೇಳುವವರ ಹತ್ತಿರ ಬುಕ್ ಮಾಡಬೇಡಿ. ಬರೆದುಕೊಡಲು ಐದು ನಿಮಿಷ ಸಾಕು. ಅಷ್ಟು ವ್ಯವಧಾನ ಇಲ್ಲದವರಿಗೆ ಹೋಟೆಲ್ ಇನ್ನೂ ಗೊತ್ತೇ ಇಲ್ಲ ಎಂದೇ ಲೆಕ್ಕ.

ಹೊರಡುವ ವಾರದಲ್ಲಿ ವೋಚರ್, ಅಂದರೆ ಹೋಟೆಲ್ ಬುಕಿಂಗಿನ ಚೀಟಿ, ಕೈಗೆ ಬರುತ್ತದೆ. ಅದರಲ್ಲಿ ಇರುವ ನಂಬರು ಬಹಳ ಸಲ ಏಜೆನ್ಸಿಯದ್ದೋ ವೆಬ್‌ಸೈಟಿನದ್ದೋ ಆಗಿರುತ್ತದೆ. ಹೋಟೆಲಿನ ಕಂಪ್ಯೂಟರಿನಲ್ಲಿ ಆ ನಂಬರು ಹುಡುಕಿದರೆ ಏನೂ ಸಿಗುವುದಿಲ್ಲ. ನಿಮಗೆ ಬೇಕಾದುದು ಹೋಟೆಲ್ ತಾನೇ ಕೊಡುವ ಕನ್ಫರ್ಮೇಷನ್ ನಂಬರು. ಅದನ್ನು ಏಜೆಂಟರಿಂದ ಕೇಳಿ ಪಡೆದು, ಹೋಟೆಲಿನ ಅಧಿಕೃತ ಇಮೇಲ್ ವಿಳಾಸಕ್ಕೆ ಎರಡು ಸಾಲು ಬರೆಯಿರಿ: ಇಂಥ ನಂಬರಿನಲ್ಲಿ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಈ ಹೆಸರಿನಲ್ಲಿ, ಇಂಥ ದಿನದಿಂದ ಇಂಥ ದಿನದವರೆಗೆ, ಇಂಥ ರೂಮು ಇದೆಯೇ? ಹಣ ಪಾವತಿಯಾಗಿದೆಯೇ? ಉತ್ತರ ಬಂದರೆ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ‘ಇಲ್ಲ’ ಎಂದು ಉತ್ತರ ಬಂದರೂ ಒಳ್ಳೆಯದೇ, ಇನ್ನೂ ಊರಿನಲ್ಲೇ ಇರುತ್ತೀರಿ. ಹೆಸರಿನ ಗೊಂದಲವೂ ಇಲ್ಲೇ ಬಗೆಹರಿಯುತ್ತದೆ. ನಮ್ಮ ಕಡೆ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರು, ತಂದೆಯ ಹೆಸರನ್ನೇ ಸರ್‌ನೇಮ್ ಮಾಡಿಕೊಂಡವರು ಬಹಳ. ವೋಚರಿನಲ್ಲಿ ಹೆಸರು ತಿರುವುಮುರುವಾಗಿ ರಿಸೆಪ್ಷನ್‌ನಲ್ಲಿ ‘ಈ ಹೆಸರಿನವರು ಇಲ್ಲ’ ಎನ್ನುವುದುಂಟು.

ಇನ್ನು ಸಮಯ. ಹೋಟೆಲ್ ಎಂಥದ್ದೇ ಇರಲಿ, ಮೊದಲ ದಿನದ ಸಿಟ್ಟಿಗೆ ಕಾರಣ ಇದೇ. ಹೆಚ್ಚಿನ ದೇಶಗಳಲ್ಲಿ ರೂಮು ಸಿಗುವುದು ಮಧ್ಯಾಹ್ನ ಎರಡಕ್ಕೆ ಅಥವಾ ಮೂರಕ್ಕೆ, ಖಾಲಿ ಮಾಡಬೇಕಾದ್ದು ಹನ್ನೊಂದಕ್ಕೆ ಅಥವಾ ಹನ್ನೆರಡಕ್ಕೆ. ನಮ್ಮ ಊರುಗಳ ಲಾಡ್ಜಿನಂತೆ ಬಂದ ಹೊತ್ತಿನಿಂದ 24 ಗಂಟೆ ಎಣಿಸುವ ಪದ್ಧತಿ ಅಲ್ಲಿಲ್ಲ. ಬೆಂಗಳೂರಿನಿಂದ ಮಧ್ಯರಾತ್ರಿಯ ಆಸುಪಾಸಿನಲ್ಲಿ ಹೊರಟ ವಿಮಾನ ಬ್ಯಾಂಕಾಕ್‌ನಲ್ಲಿ ಇಳಿಯುವುದು ಬೆಳಗಿನ ಜಾವ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಅಲ್ಲಿಂದ ಪಟ್ಟಾಯಕ್ಕೆ ಸುಮಾರು 120 ಕಿ.ಮೀ. ಬಸ್ಸಿನಲ್ಲಿ ಒಯ್ದರೆ ಎಂಟು ಒಂಬತ್ತಕ್ಕೆ ಹೋಟೆಲ್ ಮುಂದೆ ನಿಂತಿರುತ್ತೀರಿ, ರೂಮು ಎರಡಕ್ಕೆ. ಬಳ್ಳಾರಿಯಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಸುಮಾರು 300 ಕಿ.ಮೀ., ರಾಯಚೂರಿನಿಂದ ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಷಾಬಾದ್‌ಗೆ ಸುಮಾರು 200 ಕಿ.ಮೀ. ರಸ್ತೆಯಲ್ಲಿ ಕಳೆದು ಬಂದವರಿಗೆ ಆಗಲೇ ಒಂದು ರಾತ್ರಿಯ ನಿದ್ದೆ ಹೋಗಿರುತ್ತದೆ. ಈ ಐದಾರು ಗಂಟೆ ಕಳೆಯಲೆಂದೇ ಹರಳಿನ ಅಂಗಡಿ, ಜೇನುತುಪ್ಪದ ಅಂಗಡಿಗಳಿಗೆ ಬಸ್ಸು ತಿರುಗಿಸುವುದು. ಅಲ್ಲಿ ನೀವು ಕೊಂಡದ್ದರಲ್ಲಿ ಗೈಡ್‌ಗೂ ಆಪರೇಟರ್‌ಗೂ ಪಾಲಿರುತ್ತದೆ.

ಗೊಬ್ಬರ, ಬೀಜ, ಕೀಟನಾಶಕ, ಸಿಮೆಂಟ್, ಪೇಂಟ್ ಕಂಪನಿಗಳು ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಡೀಲರುಗಳನ್ನು ಟಾರ್ಗೆಟ್ ಮುಟ್ಟಿದ್ದಕ್ಕೆ ಕರೆದೊಯ್ಯುವ ಪ್ರವಾಸಗಳಲ್ಲಿ ಇದು ನಿತ್ಯದ ಕಥೆ. ಖರ್ಚು ಕಂಪನಿಯದು, ಹಾಗಾಗಿ ವೋಚರ್ ನೋಡುವವರೇ ಇಲ್ಲ! ಪರಿಹಾರ ಎರಡೇ. ಹಗಲು ವಿಮಾನ ಹಿಡಿಯುವುದು, ಇಲ್ಲವೇ ಹಿಂದಿನ ರಾತ್ರಿಯಿಂದಲೇ ರೂಮು ಹಿಡಿದು ಆ ರಾತ್ರಿಯ ಬಾಡಿಗೆ ಕಟ್ಟುವುದು. ಎರಡನೆಯದು ದುಬಾರಿ, ಆದರೆ ವಯಸ್ಸಾದವರು, ಸಣ್ಣ ಮಕ್ಕಳು ಇದ್ದರೆ ಅದೇ ಸರಿ. ‘ಅರ್ಲಿ ಚೆಕ್-ಇನ್ ರಿಕ್ವೆಸ್ಟ್ ಮಾಡಿದೀವಿ’ ಎಂಬ ಮಾತಿಗೆ ಬೆಲೆಯಿಲ್ಲ. ರೂಮು ಖಾಲಿ ಇದ್ದರೆ ಮಾತ್ರ ಅದು ನಡೆಯುತ್ತದೆ.

ತಾರೀಖಿನದ್ದೂ ಒಂದು ಬಲೆ ಇದೆ. 15ರ ಮಧ್ಯರಾತ್ರಿ ದಾಟಿ, ಅಂದರೆ 16ನೇ ತಾರೀಖು ಶುರುವಾದ ಮೇಲೆ 12.40ಕ್ಕೆ ಇಳಿಯುವವರು 15ರಿಂದ ರೂಮು ಹಿಡಿದಿರಬೇಕು. 16ರಿಂದ ಹಿಡಿದಿದ್ದರೆ ಆ ದಿನ ಮಧ್ಯಾಹ್ನದವರೆಗೆ ಸೋಫಾದ ಮೇಲೆಯೇ. 15ರಿಂದ ಹಿಡಿದರೂ ‘ಮಧ್ಯರಾತ್ರಿ ದಾಟಿ ಬರುತ್ತೇವೆ’ ಎಂದು ಮೊದಲೇ ಬರೆದು ತಿಳಿಸದಿದ್ದರೆ, ಗಿರಾಕಿ ಬರಲಿಲ್ಲವೆಂದು ಕೆಲವು ಹೋಟೆಲಿನವರು ಪೂರ್ತಿ ಬುಕಿಂಗನ್ನೇ ರದ್ದು ಮಾಡಿಬಿಡುತ್ತಾರೆ, ಹಣವೂ ವಾಪಸಿಲ್ಲ.

ದೂರದ ಮಾತಿಗೆ ಬಂದರೆ, ಉಮ್ರಾಗೆ ಹೋಗುವವರು ಎಲ್ಲರಿಗಿಂತ ಹೆಚ್ಚು ಕಷ್ಟಪಡುತ್ತಾರೆ. ಬಳ್ಳಾರಿ, ರಾಯಚೂರು, ಗಂಗಾವತಿ, ಸಿಂಧನೂರಿನಿಂದ ಹೊರಡುವ ತಂಡಗಳಲ್ಲಿ ವಯಸ್ಸಾದವರೇ ಜಾಸ್ತಿ. ಮೆಕ್ಕಾದಲ್ಲಿ ‘ಹರಮ್‌ನಿಂದ 500 ಮೀಟರ್’ (ಹರಮ್ ಎಂದರೆ ಕಾಬಾ ಇರುವ ದೊಡ್ಡ ಮಸೀದಿ) ಎಂದು ಬರೆದಿದ್ದರೆ ಅದು ನಕ್ಷೆಯ ಮೇಲೆ ಗೆರೆ ಎಳೆದ ದೂರ, ಅದೂ ಮಸೀದಿಯ ಹೊರ ಅಂಗಳದ ಅಂಚಿನವರೆಗೆ. ಒಳಗೆ ತವಾಫ್ ಮಾಡುವ, ಅಂದರೆ ಕಾಬಾಕ್ಕೆ ಪ್ರದಕ್ಷಿಣೆ ಹಾಕುವ ಜಾಗಕ್ಕೆ ಅಲ್ಲಿಂದ ಮತ್ತೆ ನಡೆಯಬೇಕು. ಊರು ಬೆಟ್ಟಗಳ ನಡುವೆ ಇರುವುದರಿಂದ ಅಜಿಯಾದ್ ಕಡೆಯ ಕೆಲವು ಬೀದಿಗಳು ಕಡಿದಾದ ಏರು. ಹೋಗುವಾಗ ಇಳಿಜಾರು, ಬರುವಾಗ ಮಂಡಿನೋವಿನವರಿಗೆ ನರಕ. ಮಿಸ್ಫಲಾ, ಇಬ್ರಾಹಿಂ ಖಲೀಲ್ ರಸ್ತೆಯ ಕಡೆ ನಡಿಗೆ ಸಮತಟ್ಟು, ಆದರೆ ಅಗ್ಗದ ಹೋಟೆಲ್‌ಗಳು ಮೇಲೆ ಹೇಳಿದ ದೂರಕ್ಕಿಂತ ಬಹಳ ಆಚೆ ಇರುತ್ತವೆ. ಅಜೀಜಿಯಾದಲ್ಲಿ ಕೊಟ್ಟರೆ ಬಸ್ಸೇ ಗತಿ. ನಮಾಜಿನ ಹೊತ್ತಿಗೆ ರಸ್ತೆ ಮುಚ್ಚುವುದರಿಂದ ಆ ಬಸ್ಸು ನಿಮಗೆ ಬೇಕಾದಾಗಲೇ ಓಡುವುದಿಲ್ಲ. ‘ಶಟಲ್ ಇದೆ’ ಎಂದರೆ ಎಷ್ಟು ಹೊತ್ತಿಗೊಂದು, ಎಲ್ಲಿ ಇಳಿಸುತ್ತದೆ, ನಮಾಜಿನ ಎಷ್ಟು ಹೊತ್ತು ಮೊದಲು ನಿಲ್ಲುತ್ತದೆ ಎಂದು ಕೇಳಿ.

ಲಿಫ್ಟ್ ಎಷ್ಟಿವೆ ಎಂದೂ ಕೇಳಬೇಕು. ನಮಾಜು ಮುಗಿದ ಕೂಡಲೇ ಇಡೀ ಹೋಟೆಲಿನ ಜನ ಒಟ್ಟಿಗೆ ವಾಪಸ್ ಬರುತ್ತಾರೆ. ಹತ್ತು ಹದಿನೈದು ಮಹಡಿಗೆ ಮೂರೇ ಲಿಫ್ಟ್ ಇದ್ದರೆ ಕೆಳಗೆ ಅರ್ಧ ಗಂಟೆ ನಿಲ್ಲಬೇಕಾಗುತ್ತದೆ. ಪ್ಯಾಕೇಜ್ ದರ ಕಡಿಮೆ ಎಂದರೆ ನಾಲ್ಕೈದು ಮಂದಿಗೆ ಒಂದು ರೂಮು, ಒಂದೇ ಬಚ್ಚಲು ಎಂದೇ ತಿಳಿಯಬೇಕು. ಗಂಡ ಹೆಂಡತಿಯನ್ನು ಬೇರೆ ಬೇರೆ ರೂಮಿಗೆ ಹಾಕುವುದೂ ಆಗಲೇ. ಸಂಜೆ ನಾಲ್ಕಕ್ಕೆ ರೂಮು ಕೊಡುವ ಹೋಟೆಲ್‌ಗಳು ಅಲ್ಲಿ ಬಹಳ. ರಂಜಾನಿನ ಕೊನೆಯ ಹತ್ತು ದಿನ ದರ ಎಲ್ಲಿಗೋ ಏರುವುದರಿಂದ, ಮೊದಲೇ ಹಣ ಕಟ್ಟದ ಏಜೆನ್ಸಿಗಳು ಹೋಟೆಲ್ ಬದಲಿಸುವುದೂ ಹೆಚ್ಚಾಗಿ ಆ ಹತ್ತು ದಿನದಲ್ಲೇ.

ಯುರೋಪ್ ಗ್ರೂಪ್ ಟೂರ್‌ಗಳಲ್ಲಿ ‘ಪ್ಯಾರಿಸ್‌ನಲ್ಲಿ ಮೂರು ರಾತ್ರಿ’ ಎಂದರೆ ಹಲವು ಸಲ ವಿಮಾನ ನಿಲ್ದಾಣದ ಪಕ್ಕದ ರ್‍ವಾಸಿ, ಊರ ಮಧ್ಯದಿಂದ ಸುಮಾರು 25 ಕಿ.ಮೀ. ‘ವೆನಿಸ್’ ಎಂದರೆ ಸೇತುವೆಯ ಈಚೆ ಬದಿಯ ಮೆಸ್ತ್ರೆ. ಇದರಲ್ಲಿ ಆಪರೇಟರಿನ ತಪ್ಪೇ ಎಲ್ಲವೂ ಅಲ್ಲ. ಹಳೆಯ ಊರುಗಳ ಒಳಕ್ಕೆ ದೊಡ್ಡ ಬಸ್ಸು ಹೋಗಲಾಗದು, ಯುರೋಪಿನ ನಿಯಮದ ಪ್ರಕಾರ ಚಾಲಕ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು, ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಹೆದ್ದಾರಿ ಬದಿಯ ಹೋಟೆಲ್ ಅವರಿಗೆ ಅನುಕೂಲ. ಆದರೆ ರಾತ್ರಿ ಊಟ ಮುಗಿಸಿ ಹೊರಗೆ ಬಂದರೆ ಒಂದು ಅಂಗಡಿಯೂ ಇಲ್ಲದ ಜಾಗ ಅದು ಎಂಬುದನ್ನು ಮೊದಲೇ ಹೇಳಬೇಕಲ್ಲವೇ? ವಿಳಾಸ ಸಿಕ್ಕರೆ ಗೂಗಲ್ ಮ್ಯಾಪ್‌ನಲ್ಲಿ ಹಾಕಿ ಹತ್ತಿರದ ಮೆಟ್ರೊ ಸ್ಟೇಷನ್ನಿಗೆ ನಡೆದು ಎಷ್ಟು ನಿಮಿಷ ಎಂದು ನೋಡಿದರೆ ಎರಡು ನಿಮಿಷದ ಕೆಲಸ.

ರೂಮಿನೊಳಗೆ ಹೋಗೋಣ. ಟೋಕಿಯೊ, ಒಸಾಕಾದ ಬಿಸಿನೆಸ್ ಹೋಟೆಲ್‌ಗಳಲ್ಲಿ ರೂಮು 11ರಿಂದ 14 ಚದರ ಮೀಟರ್ ಇರುವುದು ಸಾಮಾನ್ಯ. ನಮ್ಮ ಮನೆಗಳ ಹತ್ತು ಹನ್ನೆರಡರ ಕೋಣೆ ಇದ್ದಷ್ಟು, ಅದರಲ್ಲೇ ಬಚ್ಚಲೂ ಸೇರಿ. ಎರಡು ದೊಡ್ಡ ಸೂಟ್‌ಕೇಸ್ ಒಟ್ಟಿಗೆ ಬಿಚ್ಚಲು ಜಾಗವಿರುವುದಿಲ್ಲ. ಅಲ್ಲಿ ‘ಸೆಮಿ ಡಬಲ್’ ಎಂದರೆ 120 ಸೆಂಟಿಮೀಟರ್ ಅಗಲದ ಒಂದೇ ಹಾಸಿಗೆ, ಇಬ್ಬರಿಗೆ. ಯುರೋಪಿನಲ್ಲಿ ಡಬಲ್ ಎಂದರೂ ಎಷ್ಟೋ ಕಡೆ 140 ಸೆಂಟಿಮೀಟರ್. ತಂದೆ ಮಗ, ಅತ್ತೆ ಸೊಸೆ ಒಂದು ರೂಮಿನಲ್ಲಿ ಇರುವವರು ‘ಟ್ವಿನ್’ (ಎರಡು ಬೇರೆ ಬೇರೆ ಹಾಸಿಗೆ) ಎಂದೇ ಬರೆಸಬೇಕು. ಡಬಲ್ ಎಂದು ಬರೆದಿದ್ದರೆ ಅಲ್ಲಿ ಬದಲಾಯಿಸಿಕೊಡುವುದು ಅವರ ಮರ್ಜಿ. ಮೂವರ ರೂಮಿನಲ್ಲಿ ಮೂರನೆಯದು ಸಾಮಾನ್ಯವಾಗಿ ಮಡಚುವ ಮಂಚ ಅಥವಾ ಸೋಫಾ. ಅದನ್ನು ಹಾಕಿದ ಮೇಲೆ ಬಾಗಿಲು ಪೂರ್ತಿ ತೆರೆಯಲೂ ಆಗದ ರೂಮುಗಳಿವೆ. ದರದ ಚೀಟಿಯಲ್ಲಿ ಮಾತ್ರ ಮೂರನೆಯವರಿಗೆ ಕಡಿತ ಅಷ್ಟೇನೂ ಇರುವುದಿಲ್ಲ. ಮಕ್ಕಳ ವಯಸ್ಸು ಸುಳ್ಳು ಹೇಳಬೇಡಿ. ಚೆಕ್-ಇನ್‌ನಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆ, ರೂಮಿಗೆ ಇಷ್ಟೇ ಜನ ಎಂಬ ಅಗ್ನಿಶಾಮಕ ನಿಯಮ ಯುರೋಪಿನಲ್ಲಿ ಬಿಗಿ.

ಸಿಂಗಪುರ, ಕ್ವಾಲಾಲಂಪುರ, ಹಾಂಗ್‌ಕಾಂಗ್‌ನಲ್ಲಿ ಕಿಟಕಿಯೇ ಇಲ್ಲದ ರೂಮುಗಳನ್ನು ಕಾನೂನುಬದ್ಧವಾಗಿಯೇ ಮಾರುತ್ತಾರೆ. ಅತಿ ಕಡಿಮೆ ದರದ ರೂಮು ಬಹಳ ಸಲ ಅದೇ. ಫೋಟೊದಲ್ಲಿ ಪರದೆ ಇರುತ್ತದೆ, ಪರದೆ ಸರಿಸಿದರೆ ಗೋಡೆ. ರೂಮಿನ ವಿವರದಲ್ಲಿ ‘ವಿಂಡೋ’ ಎಂಬ ಪದ ಇದೆಯೇ ಎಂದು ಹುಡುಕಬೇಕು. ಸ್ವಿಟ್ಜರ್ಲೆಂಡ್, ಜರ್ಮನಿ, ಲಂಡನ್‌ನ ಎಷ್ಟೋ ಹೋಟೆಲ್‌ಗಳಲ್ಲಿ ಎಸಿ ಇಲ್ಲ, ಫ್ಯಾನೂ ಇಲ್ಲ. ಬಳ್ಳಾರಿ ಬಿಸಿಲು ಕಂಡವರಿಗೆ ಅದೇನು ಮಹಾ ಎನ್ನಿಸಬಹುದು, ಆದರೆ ಚಳಿಗೆಂದು ಕಟ್ಟಿದ ಗೋಡೆಗಳೊಳಗೆ 35 ಡಿಗ್ರಿ ಮುಟ್ಟಿದ ಜುಲೈ ದಿನದ ರಾತ್ರಿ ಬೇರೆಯೇ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ನ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದೆ, ಏಣಿಯಷ್ಟು ಕಡಿದಾದ ಮೆಟ್ಟಿಲಲ್ಲಿ 23 ಕಿಲೊ ಪೆಟ್ಟಿಗೆ ಹೊರಬೇಕಾಗುತ್ತದೆ. ಆ್ಯಪ್‌ನಲ್ಲಿ ಪ್ರವಾಸಿಗರ ವಿಮರ್ಶೆಗಳನ್ನು ಹೊಸದು ಮೊದಲು ಬರುವಂತೆ ಇಟ್ಟು, ಹುಡುಕುವ ಜಾಗದಲ್ಲಿ ಲಿಫ್ಟ್, ಎಸಿ, ವಾಸನೆ, ಬಿಸಿನೀರು, ತಿಗಣೆ ಎಂಬುದಕ್ಕೆ ಇಂಗ್ಲಿಷ್ ಪದ ಹಾಕಿ ನೋಡಿ. ಒಟ್ಟು ಅಂಕಕ್ಕಿಂತ ಇದು ಹೆಚ್ಚು ತಿಳಿಸುತ್ತದೆ. ಹೋಟೆಲಿನ ಫೋಟೊಗಳನ್ನು ಅಗಲ ಲೆನ್ಸಿನಲ್ಲಿ ತೆಗೆದಿರುತ್ತಾರೆ, ಉಳಿದುಕೊಂಡವರು ಹಾಕಿದ ಫೋಟೊ ನೋಡುವುದು ವಾಸಿ.

ಊಟದ ಯೋಜನೆಯ ಅಕ್ಷರಗಳು: ಇಪಿ ಎಂದರೆ ರೂಮು ಮಾತ್ರ, ಸಿಪಿ ಎಂದರೆ ಬೆಳಗಿನ ತಿಂಡಿ ಸೇರಿ, ಎಂಎಪಿ ಎಂದರೆ ತಿಂಡಿಯ ಜತೆ ಒಂದು ಊಟ, ಎಪಿ ಎಂದರೆ ಮೂರೂ ಹೊತ್ತು. ವಿದೇಶಿ ವೋಚರ್‌ಗಳಲ್ಲಿ ಇವನ್ನೇ ಆರ್‌ಒ, ಬಿಬಿ, ಎಚ್‌ಬಿ, ಎಫ್‌ಬಿ ಎನ್ನುತ್ತಾರೆ. ‘ಕಾಂಟಿನೆಂಟಲ್’ ತಿಂಡಿ ಎಂದರೆ ಬ್ರೆಡ್ಡು, ಬೆಣ್ಣೆ, ಜಾಮು, ಕಾಫಿ ಅಷ್ಟೇ. ಶುದ್ಧ ಸಸ್ಯಾಹಾರಿಗಳು, ಬೆಳ್ಳುಳ್ಳಿ ಈರುಳ್ಳಿ ತಿನ್ನದ ಜೈನರು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ಸರಿಯೇ. ಆದರೆ ರೂಮಿನಲ್ಲಿ ಇಂಡಕ್ಷನ್ ಒಲೆ ಇಟ್ಟು ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗುತ್ತದೆ, ದಂಡ ಬೀಳುತ್ತದೆ. ಜಪಾನಿನಲ್ಲಿ ಕರೆಂಟು 100 ವೋಲ್ಟ್, ನಮ್ಮ 230ರ ಕೆಟಲ್ ಅಲ್ಲಿ ನೀರು ಕಾಯಿಸಲು ಬಹಳ ಹೊತ್ತು ಹಿಡಿಯುತ್ತದೆ.

ಹೋಟೆಲಿನವರ ಕಡೆಯಿಂದಲೂ ನಮ್ಮ ಮಂದಿಯ ಮೇಲೆ ದೂರು ಬರುವುದುಂಟು, ಅದನ್ನು ಮುಚ್ಚಿಡಬಾರದು. ಯುರೋಪಿನ ಬಚ್ಚಲಿನಲ್ಲಿ ಶವರ್ ತೊಟ್ಟಿಯ ಹೊರಗಿನ ನೆಲಕ್ಕೆ ನೀರು ಹೋಗುವ ಕಿಂಡಿಯೇ ಬಹಳ ಕಡೆ ಇರುವುದಿಲ್ಲ. ನಾವು ಮನೆಯಲ್ಲಿ ಮಾಡುವಂತೆ ಮಗ್ಗಿನಲ್ಲಿ ಸುರಿದುಕೊಂಡರೆ ನೀರು ಬಾಗಿಲ ಕೆಳಗಿನಿಂದ ಕಾರ್ಪೆಟ್ ಹಿಡಿದು ಕೆಳಗಿನ ರೂಮಿನ ಸೀಲಿಂಗ್‌ಗೆ ಇಳಿಯುತ್ತದೆ, ಬಿಲ್ಲು ನಿಮಗೆ. ಪರದೆಯ ಕೆಳಗಿನ ಅಂಚು ತೊಟ್ಟಿಯ ಒಳಗಿರಬೇಕು. ಪೃಷ್ಠ ತೊಳೆಯುವ ಪೈಪು ಥಾಯ್ಲೆಂಡ್, ಮಲೇಷ್ಯಾ, ದುಬೈನಲ್ಲಿ ಸಿಗುತ್ತದೆ, ಜಪಾನಿನಲ್ಲಿ ಕಮೋಡಿನಲ್ಲೇ ನೀರು ಚಿಮ್ಮಿಸುವ ಬಟನ್ ಇರುತ್ತದೆ. ಯುರೋಪ್, ಅಮೆರಿಕಕ್ಕೆ ಹೋಗುವವರು ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿ ಇಟ್ಟುಕೊಂಡರೆ ಸಾಕು. ಬೆಳಗಿನ ಪೂಜೆಗೆ ಊದಿನಕಡ್ಡಿ ಹಚ್ಚಬೇಡಿ; ಅಲಾರಂ ಕೂಗದಿದ್ದರೂ ವಾಸನೆ ಹಿಡಿದು ಸಿಗರೇಟಿನ ದಂಡವನ್ನೇ ಹಾಕುತ್ತಾರೆ. ಅರಿಸಿನ, ಕುಂಕುಮ, ಮೆಹಂದಿ, ತಲೆಗೆ ಹಚ್ಚಿದ ಬಣ್ಣ ಬಿಳಿ ಟವೆಲ್ಲಿಗೆ ತಾಗಿದರೆ ಆ ಟವೆಲ್ಲಿನ ಬೆಲೆಯನ್ನೇ ರೂಮು ಕೊಡುವಾಗ ಹಿಡಿದಿಟ್ಟ ಠೇವಣಿಯಿಂದ ಮುರಿದುಕೊಳ್ಳುತ್ತಾರೆ.

ಆ ಠೇವಣಿಯದ್ದೇ ಮತ್ತೊಂದು ತಲೆನೋವು. ಪೂರ್ತಿ ಹಣ ಊರಿನಲ್ಲೇ ಕಟ್ಟಿದ್ದೇವೆ, ಅಲ್ಲಿ ಮತ್ತೇಕೆ ಕೇಳುತ್ತಾರೆ ಎಂದು ರಿಸೆಪ್ಷನ್‌ನಲ್ಲಿ ಜಗಳ ಶುರುವಾಗುವುದು ಇದರಿಂದಲೇ. ಹೋಟೆಲಿನವರು ಕ್ರೆಡಿಟ್ ಕಾರ್ಡಿನಲ್ಲಿ ಒಂದು ಮೊತ್ತ ತಡೆಹಿಡಿಯುತ್ತಾರೆ, ಬಿಡುವಾಗ ಬಿಡುಗಡೆ ಮಾಡುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ಖಾತೆಯ ನಿಜವಾದ ಹಣವೇ ಸಿಕ್ಕಿಕೊಂಡು, ವಾಪಸ್ ಬರಲು ವಾರಗಳೇ ಹಿಡಿಯುತ್ತವೆ. 2020ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಹೊರಡುವ ಮೊದಲೇ ತೆರೆದಿಡಿ. ಕಾರ್ಡ್ ಯಂತ್ರದಲ್ಲಿ ‘ರೂಪಾಯಿಯಲ್ಲೋ, ಅಲ್ಲಿನ ಹಣದಲ್ಲೋ’ ಎಂದು ಕೇಳಿದರೆ ಅಲ್ಲಿನ ಹಣವನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ವಿನಿಮಯ ದರ.

ತೆರಿಗೆ ಬೇರೆ. ರೋಮ್‌ನಲ್ಲಿ ಫೋರ್ ಸ್ಟಾರ್ ಹೋಟೆಲಿಗೆ ಒಬ್ಬರಿಗೆ ರಾತ್ರಿಗೆ 7.50 ಯೂರೊ ನಗರ ತೆರಿಗೆ. ಗಂಡ ಹೆಂಡತಿ ಮೂರು ರಾತ್ರಿ ಇದ್ದರೆ 45 ಯೂರೊ, ಸಾಮಾನ್ಯವಾಗಿ ಹೋಟೆಲಿನಲ್ಲೇ ಕೊಡಬೇಕು. ದುಬೈನಲ್ಲಿ ಟೂರಿಸಂ ದಿರ್ಹಮ್ ಎಂದು ರೂಮಿಗೆ ರಾತ್ರಿಗೆ ಫೋರ್ ಸ್ಟಾರ್‌ಗೆ 15, ಫೈವ್ ಸ್ಟಾರ್‌ಗೆ 20 ದಿರ್ಹಮ್. ಮಲೇಷ್ಯಾದಲ್ಲಿ 2017ರಿಂದ ವಿದೇಶಿಯರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್. ಸಿಂಗಪುರದಲ್ಲಿ ದರದ ಮುಂದೆ ಎರಡು ಕೂಡಿಸುವ ಚಿಹ್ನೆ ಹಾಕಿದ್ದರೆ ಅದರ ಮೇಲೆ ಶೇ 10 ಸೇವಾ ಶುಲ್ಕ, ಆ ಮೊತ್ತದ ಮೇಲೆ ಶೇ 9 ಜಿಎಸ್‌ಟಿ. 100 ಡಾಲರಿನ ರೂಮು 119.90 ಆಗುತ್ತದೆ. ಲಾಸ್ ವೇಗಸ್‌ನಲ್ಲಿ ರೆಸಾರ್ಟ್ ಶುಲ್ಕ ಎಂದು ದಿನಕ್ಕೆ ಹತ್ತಾರು ಡಾಲರ್. ಇವು ಮೋಸವಲ್ಲ, ಕಾನೂನಿನ ತೆರಿಗೆ ಅಥವಾ ಪ್ರಕಟಿತ ಶುಲ್ಕ. ‘ಎಲ್ಲಾ ಸೇರಿ’ ಎಂದು ಊರಿನಲ್ಲಿ ಹೇಳಿ, ಇವನ್ನು ಬಿಟ್ಟು ಲೆಕ್ಕ ಹಾಕುವುದು ಮೋಸ.

ರೂಮಿಗೆ ಹೋದ ಕೂಡಲೇ ಪೆಟ್ಟಿಗೆಯನ್ನು ಹಾಸಿಗೆಯ ಮೇಲೆ ಹಾಕಬೇಡಿ. ಬಚ್ಚಲಿನ ನೆಲದ ಮೇಲಿಟ್ಟು, ಹಾಸಿಗೆಯ ತಲೆದೆಸೆಯಲ್ಲಿ ಚಾದರ ಎತ್ತಿ, ಮ್ಯಾಟ್ರೆಸ್ಸಿನ ಹೊಲಿಗೆಯ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ಮೊಬೈಲ್ ಟಾರ್ಚು ಹಿಡಿಯಿರಿ. ಪೆನ್ನಿನ ಮಸಿ ಚುಕ್ಕೆಯಂಥ ಕಪ್ಪು ಕಲೆ, ತೆಳ್ಳನೆಯ ಪೊರೆ ಕಂಡರೆ ತಿಗಣೆ ಇದೆ. ಮಂಚದ ತಲೆಹಲಗೆಯ ಹಿಂಬದಿಯನ್ನೂ ನೋಡಿ. ದುಬಾರಿ ಹೋಟೆಲಿನಲ್ಲಿ ಇರುವುದಿಲ್ಲ ಎಂದೇನಿಲ್ಲ. ತಿಗಣೆ ಬರುವುದು ಪ್ರಯಾಣಿಕರ ಪೆಟ್ಟಿಗೆಯಲ್ಲಿ, ಕೊಳಕಿನಿಂದಲ್ಲ. ಪಕ್ಕದ ರೂಮನ್ನು ಒಪ್ಪಬೇಡಿ, ಗೋಡೆಯ ಸಂದಿನಲ್ಲಿ ಅವು ದಾಟುತ್ತವೆ. ಬೇರೆ ಮಹಡಿ ಕೇಳಿ. ಊರಿಗೆ ಬಂದ ಮೇಲೆ ಬಟ್ಟೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ತೊಳೆದು ಪೆಟ್ಟಿಗೆಯನ್ನು ಬಿಸಿಲಿಗಿಡುವುದು ಒಳ್ಳೆಯದು.

ಹೋಟೆಲ್ ನಿಜವಾಗಿಯೂ ಕೆಟ್ಟದಿದ್ದರೆ? ಸಾಮಾನು ಬಿಚ್ಚಬೇಡಿ, ಹಾಸಿಗೆ ಬಳಸಬೇಡಿ. ವೋಚರಿನಲ್ಲಿ ಬರೆದಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಹೇಳಿ. ‘ರೂಮು ಸರಿಯಿಲ್ಲ’ ಎಂದರೆ ಕೇಳುವವರಿಲ್ಲ, ‘ಟ್ವಿನ್ ಎಂದಿದೆ, ಡಬಲ್ ಕೊಟ್ಟಿದ್ದೀರಿ’ ಎಂದರೆ ಉತ್ತರ ಕೊಡಲೇಬೇಕು. ರಿಸೆಪ್ಷನ್ ಹುಡುಗರ ಕೈಯಲ್ಲಿ ಏನೂ ಇರುವುದಿಲ್ಲ, ಡ್ಯೂಟಿ ಮ್ಯಾನೇಜರನ್ನು ಕೇಳಿ. ಅದೇ ರಾತ್ರಿ ಫೋಟೊ, ವಿಡಿಯೊ ತೆಗೆದು ಹೋಟೆಲಿಗೂ ಏಜೆಂಟರಿಗೂ ಒಂದೇ ಇಮೇಲ್ ಕಳಿಸಿ. ವಾಟ್ಸ್‌ಆ್ಯಪ್ ಕರೆಯಲ್ಲಿ ಬೈದದ್ದಕ್ಕೆ ದಾಖಲೆ ಇರುವುದಿಲ್ಲ. ಸಿಟ್ಟಿನಲ್ಲಿ ಎದ್ದು ಬೇರೆ ಹೋಟೆಲಿಗೆ ಹೋಗಬೇಡಿ. ‘ಉಳಿದ ರಾತ್ರಿಗಳ ಹಣ ವಾಪಸ್ ಕೊಡುತ್ತೇವೆ’ ಎಂದು ಹೋಟೆಲಿನವರೋ ಏಜೆಂಟರೋ ಬರೆದುಕೊಟ್ಟ ಮೇಲೆಯೇ ಹೊರಡಿ, ಇಲ್ಲವಾದರೆ ನೀವಾಗಿ ಬಿಟ್ಟು ಹೋದಿರಿ ಎಂದಾಗುತ್ತದೆ. ಹೆಚ್ಚು ಬುಕಿಂಗ್ ಆಗಿ ರೂಮೇ ಇಲ್ಲ ಎಂದರೆ ಅಷ್ಟೇ ಮಟ್ಟದ ಬೇರೆ ಹೋಟೆಲ್ ಮತ್ತು ಅಲ್ಲಿಗೆ ಟ್ಯಾಕ್ಸಿ ಕೇಳುವುದು ರೂಢಿ, ಒಳ್ಳೆಯ ಹೋಟೆಲಿನವರು ಕೊಡುತ್ತಾರೆ. ಪಾಸ್‌ಪೋರ್ಟನ್ನು ಮಾತ್ರ ಯಾವ ಕಾರಣಕ್ಕೂ ಒತ್ತೆ ಇಡಬೇಡಿ.

ಊರಿಗೆ ಬಂದ ಮೇಲೂ ದಾರಿ ಮುಚ್ಚಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡುವವರು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಕಂಪನಿ ಬೆಂಗಳೂರಿನದೋ ಮುಂಬೈನದೋ ಆದರೂ ಬಳ್ಳಾರಿ, ರಾಯಚೂರು, ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗಕ್ಕೇ ಬರಬೇಕು. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ ಸಾಕು, 5 ಲಕ್ಷದವರೆಗೆ ಅರ್ಜಿ ಶುಲ್ಕ ಇಲ್ಲ, ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಮೊದಲು 1915ಕ್ಕೆ ಕರೆ ಮಾಡಿ ನೋಡಿ, ಎಷ್ಟೋ ಪ್ರಕರಣ ಅಲ್ಲೇ ಮಾತುಕತೆಯಲ್ಲಿ ಮುಗಿಯುತ್ತವೆ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದವರು ‘ಹೇಳಿದ ಸೇವೆ ಸಿಗಲಿಲ್ಲ’ ಎಂದು ಬ್ಯಾಂಕಿನಲ್ಲಿ ಆಕ್ಷೇಪ ದಾಖಲಿಸಬಹುದು, ತಡಮಾಡದೆ. ನಗದು ಕೊಟ್ಟು ಬಿಳಿ ಚೀಟಿಯ ಮೇಲೆ ‘ಟೂರ್ ಅಡ್ವಾನ್ಸ್’ ಎಂದು ಬರೆಸಿಕೊಂಡವರಿಗೆ ಈ ದಾರಿಯೂ ಇಲ್ಲ, ಆಯೋಗದಲ್ಲೂ ಕಷ್ಟ. ಜಿಎಸ್‌ಟಿ ನಂಬರಿರುವ ಬಿಲ್ಲು ಬೇಕು.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಜಮೀನು, ಸೈಟು ಮಾರಾಟದ ಜಾಹೀರಾತಿನಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಹಾಕುವುದು ಈಗ ರೂಢಿಯಾಗಿದೆ. ಪ್ರವಾಸದ ಜಾಹೀರಾತಿನಲ್ಲೂ ಹೋಟೆಲಿನ ಹೆಸರು, ಬಡಾವಣೆ, ಒಂದು ರೂಮಿಗೆ ಎಷ್ಟು ಜನ, ಅಲ್ಲಿ ಕಟ್ಟಬೇಕಾದ ತೆರಿಗೆ ಎಷ್ಟು ಎಂಬ ನಾಲ್ಕು ವಿವರ ಇದ್ದರೆ ಮಾತ್ರ ಪ್ರಕಟಿಸುತ್ತೇವೆ ಎಂದು ತಮ್ಮ ಪತ್ರಿಕೆಯ ಜಿಲ್ಲಾ ಜಾಹೀರಾತು ವಿಭಾಗ ಕೇಳಲಿ. ಸರಿಯಾಗಿ ವ್ಯಾಪಾರ ಮಾಡುವ ಏಜೆನ್ಸಿಗಳಿಗೆ ಇದರಿಂದ ನಷ್ಟವಿಲ್ಲ, ಅವರ ಹತ್ತಿರ ಈ ವಿವರ ಈಗಾಗಲೇ ಇರುತ್ತದೆ. ಇಲ್ಲದವರು ಜಾಹೀರಾತು ಕೊಡುವ ಮೊದಲು ರೂಮು ಹಿಡಿಯಲಿ.

ತಮ್ಮ ವಿಶ್ವಾಸಿಗಳು,
ಪ್ರವಾಸ ಬುಕಿಂಗ್ ಕೆಲಸದಲ್ಲಿರುವವರು,
ಬಳ್ಳಾರಿ